ಪಿಟ್ಸ್‌ಬರ್ಗ್, ಮಿನಿಯಾಪೊಲಿಸ್‌ಗೆ ಹೊರಟಿದ್ದೇವೆ: ಅಲ್ಲಿ ಮನೆ ಮಾಡಿ ಇದ್ದವರು ಹೇಳಿ

ನಾಪೋಕ್ಲು_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾಗಿ ಈಗ ತೋಟ ನೋಡಿಕೊಂಡಿದ್ದೇನೆ. ಮಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದಾನೆ, ಮಗಳು ಅಲ್ಲಿಯ ಮಿನಿಯಾಪೊಲಿಸ್‌ನಲ್ಲಿ. ಈ ಸಲ ರೋಬಸ್ಟಾ ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಕೊನೆಗೆ, ನಾನೂ ಮನೆಯವಳೂ ಹೊರಡುವುದು ಅಂತ ಆಗಿದೆ. ತುಲಾ ಸಂಕ್ರಮಣದ ಹೊತ್ತಿಗೆ ವಾಪಸ್ ಬರಲೇಬೇಕು. ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವುದನ್ನು ಈವರೆಗೆ ತಪ್ಪಿಸಿಲ್ಲ.

ಯಾರನ್ನು ಕೇಳಿದರೂ ನಯಾಗರ, ಲಿಬರ್ಟಿ ಪ್ರತಿಮೆ, ಡಿಸ್ನಿ ಅಂತ ಅದೇ ಪಟ್ಟಿ ಕೊಡುತ್ತಾರೆ. ಅದನ್ನು ಮಕ್ಕಳೇ ತೋರಿಸುತ್ತಾರೆ. ಆ ರಾಜ್ಯಗಳಲ್ಲಿ ನಾಲ್ಕು ವರ್ಷ ಬಾಡಿಗೆ ಕಟ್ಟಿ, ಚಳಿ ಮಳೆ ಕಂಡವರು ಯಾರಾದರೂ ಇದ್ದರೆ, ಊರು ಹೇಗೆ, ಜನ ಹೇಗೆ, ಏನನ್ನು ನೋಡದೆ ಬರಬಾರದು ಅಂತ ಬರೆಯಿರಿ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೆ ಸೋಫಾದಲ್ಲಿ ಕೂರುವುದು ನನ್ನಿಂದಾಗದು. ಮಂಡಿನೋವಿದೆ, ಆದರೆ ನಡೆಯಲಾರದಷ್ಟಲ್ಲ.

ಭಾಗಮಂಡಲದ_ಮಗಳು:

ಮೇಷ್ಟ್ರೇ, ನೀವು ಹೇಳಿದ ಎರಡೂ ಊರಲ್ಲಿ ನಾನಿದ್ದೆ. 2014ರಿಂದ 2018ರ ಅಕ್ಟೋಬರ್‌ವರೆಗೆ ಪಿಟ್ಸ್‌ಬರ್ಗ್, ಆಮೇಲೆ ಎರಡು ವರ್ಷ ಮಿನಿಯಾಪೊಲಿಸ್, ಕೊನೆಗೆ ಟೆಕ್ಸಾಸಿನ ಹ್ಯೂಸ್ಟನ್. 2022ರಲ್ಲಿ ಬಿಟ್ಟು ಬಂದು ಈಗ ಮಡಿಕೇರಿಯಲ್ಲಿದ್ದೇವೆ. ನಿಮ್ಮ ಪ್ರಶ್ನೆ ನೋಡಿ ನಿನ್ನೆ ರಾತ್ರಿಯಿಂದ ಅದೇ ತಲೆಯಲ್ಲಿ ಓಡ್ತಿದೆ. ಉದ್ದ ಆದರೂ ಬರೆದುಬಿಡ್ತೀನಿ.

ಅಲ್ಲಿ ಅಕ್ಕಪಕ್ಕದವರ ಪರಿಚಯ ಆದ ಮೇಲೆ "ಇಲ್ಲಿ ನೋಡೋಕೆ ಏನಿದೆ" ಅಂತ ಕೇಳಬೇಡಿ. "ವರ್ಷದಲ್ಲಿ ನೀವು ಯಾವ ದಿನಕ್ಕೆ ಕಾಯ್ತೀರಿ" ಅಂತ ಕೇಳಿ. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ರಾಜಾ ಸೀಟು, ಅಬ್ಬಿ ಫಾಲ್ಸ್ ಅಂತೀವಾ? ಮಾರ್ಚ್‌ನಲ್ಲಿ ಒಂದಿಂಚು ಮಳೆ ಸುರಿಯುವ ಸಂಜೆ ಅಂತೀವಿ, ಅದಾಗಿ ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗಿ ಗಮ್ ಅನ್ನೋದನ್ನು ಹೇಳ್ತೀವಿ. ಅಲ್ಲಿನ ಒಂದೊಂದು ರಾಜ್ಯಕ್ಕೂ ಅಂಥ ದಿನ ಇದೆ. ನಾನು ಅದನ್ನು ತಿಳಿದುಕೊಂಡಿದ್ದು ತಡವಾಗಿ.

ಪಿಟ್ಸ್‌ಬರ್ಗ್‌ಗೆ ಹೋದ ಮೊದಲ ವಾರವೇ ಪಾಯಿಂಟ್ ಸ್ಟೇಟ್ ಪಾರ್ಕಿಗೆ ಹೋಗಿ. ಅಲಿಗೇನಿ, ಮನಾಂಗಹೇಲ ಎಂಬ ಎರಡು ನದಿ ಸೇರಿ ಓಹಾಯೊ ನದಿ ಹುಟ್ಟುವ ಮೂಲೆ ಅದು. ಬಲಕ್ಕೆ ಒಂದು ಬಣ್ಣದ ನೀರು, ಎಡಕ್ಕೆ ಇನ್ನೊಂದು ಬಣ್ಣದ್ದು. ಮಳೆ ಬಂದ ಮರುದಿನ ಹೋದರೆ ಎದ್ದು ಕಾಣುತ್ತೆ. ಆ ಚೂಪು ತುದಿಯಲ್ಲಿ ಒಂದು ದೊಡ್ಡ ಕಾರಂಜಿ ಇದೆ, ಸುಮಾರು 150 ಅಡಿ ಚಿಮ್ಮುತ್ತೆ. ಅದರ ನೀರು ಈ ಎರಡೂ ನದಿಯದ್ದಲ್ಲ, ನೆಲದಡಿಯ ಜಲದ್ದು. ಊರವರು ಅದನ್ನು "ನಾಲ್ಕನೇ ನದಿ" ಅಂತಾರೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ನನ್ನಜ್ಜಿ ಭಾಗಮಂಡಲದ ಸಂಗಮದಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, ಇದು ಕಾವೇರಿ, ಅದು ಕನ್ನಿಕೆ, ಸುಜ್ಯೋತಿ ಮಾತ್ರ ಕಣ್ಣಿಗೆ ಕಾಣೋದಿಲ್ಲ ಮಗಾ, ಒಳಗಿಂದಲೇ ಬಂದು ಸೇರ್ತಾಳೆ ಅಂತ ಹೇಳಿದ್ದು ನೆನಪಾಯ್ತು. ಆಮೇಲೆ ಮನಸ್ಸಿಗೆ ಬೇಜಾರಾದಾಗಲೆಲ್ಲ ಆ ಕಾರಂಜಿ ಕಟ್ಟೆಗೆ ಹೋಗಿ ಕೂತುಬರ್ತಿದ್ದೆ.

ಆ ಊರು ನಮ್ಮೂರಿನ ಹಾಗೇ ಗುಡ್ಡದ ಮೇಲೆ ಗುಡ್ಡ. ಉಕ್ಕಿನ ಕಾರ್ಖಾನೆ ಕಾಲದಲ್ಲಿ ಕೆಲಸದವರು ನದಿ ದಡದಿಂದ ಗುಡ್ಡದ ಮೇಲಿನ ಮನೆಗೆ ಹೋಗಲಿ ಅಂತ ಕಡಿದಾದ ಹಳಿ ಹಾಕಿ ಹಗ್ಗದಲ್ಲಿ ಎಳೆಯುವ ಗಾಡಿ ಮಾಡಿದರು. ಮನಾಂಗಹೇಲ ಇನ್‌ಕ್ಲೈನ್ 1870ರದ್ದು, ಡುಕೇನ್ ಇನ್‌ಕ್ಲೈನ್ 1877ರದ್ದು, ಎರಡೂ ಇವತ್ತಿಗೂ ಓಡ್ತಿವೆ. ಮಂಡಿನೋವಿಗೆ ಹೇಳಿಮಾಡಿಸಿದ ಹಾಗಿದೆ. ಮೇಲೆ ಹೋಗಿ ನಿಂತರೆ ಮೂರು ನದಿಯೂ ಸೇತುವೆಗಳೂ ಒಂದೇ ನೋಟಕ್ಕೆ ಸಿಗ್ತವೆ. ಸಂಜೆ ಹೋಗಿ.

ಜನರ ಬಗ್ಗೆ ಕೇಳಿದ್ದೀರಿ. ನಾವಿದ್ದ ಬೀದಿಯಲ್ಲಿ ಎದುರು ಮನೆ ಅಜ್ಜಿಯೊಬ್ಬರು, ಗಂಡ ಉಕ್ಕಿನ ಮಿಲ್ಲಿನಲ್ಲಿ ದುಡಿದು ತೀರಿಕೊಂಡಿದ್ದರು. ಅವರ ಮಾತಲ್ಲಿ "ನೀವೆಲ್ಲ" ಅನ್ನೋಕೆ "ಯಿನ್ಸ್", ಮನೆ ಚೊಕ್ಕ ಮಾಡೋಕೆ "ರೆಡ್ ಅಪ್". ನನ್ನ ಇಂಗ್ಲಿಷ್ ಓದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ಅವರ ಮಾತು ಕಿವಿಗೆ ಕೂರೋಕೆ ಎರಡು ತಿಂಗಳು ಬೇಕಾಯ್ತು. ಮೊದಲ ಚಳಿಗಾಲ ರಾತ್ರಿಯಿಡೀ ಹಿಮ ಬಿದ್ದು, ಬೆಳಿಗ್ಗೆ ನನ್ನವರು ಒಂದೂವರೆ ಗಂಟೆ ಸಲಿಕೆ ಹಿಡಿದು ರಸ್ತೆ ಬದಿಯಲ್ಲಿ ಕಾರಿನಷ್ಟು ಜಾಗ ಬಿಡಿಸಿದರು. ಕಾರು ತೆಗೆದು ಹೊರಟಾಗ ಅಜ್ಜಿ ಬಾಗಿಲು ತೆರೆದು "ನಿಲ್ಲಿ" ಅಂತ ಕೂಗಿ, ಒಳಗಿಂದ ಒಂದು ಮಡಚುವ ಕುರ್ಚಿ ತಂದರು. ನೀಲಿ ಪಟ್ಟಿ ಹೆಣೆದದ್ದು, ಒಂದು ಕೈ ಮುರಿದು ತಂತಿ ಸುತ್ತಿತ್ತು. ಅದನ್ನು ನಾವು ಬಿಡಿಸಿದ ಜಾಗದ ನಡುವೆ ಇಟ್ಟು ಒಳಗೆ ಹೋದರು. ಯಾರು ಹಿಮ ಎತ್ತಿದರೋ ಜಾಗ ಅವರದ್ದು, ಕುರ್ಚಿ ಇಟ್ಟ ಮೇಲೆ ಇನ್ನೊಬ್ಬರು ಅಲ್ಲಿ ಕಾರು ನಿಲ್ಲಿಸೋದಿಲ್ಲ. ಕಾನೂನಲ್ಲ, ಊರಿನ ಕಟ್ಟುಪಾಡು. ಸಂಜೆ ಏಳಕ್ಕೆ ಬಂದರೂ ಕುರ್ಚಿ ಹಾಗೇ ಇತ್ತು, ಮೇಲೆ ನಾಲ್ಕು ಬೆರಳು ಹಿಮ. ನಾವು ಊರು ಬಿಡುವವರೆಗೂ ಆ ಕುರ್ಚಿ ನಮ್ಮಲ್ಲೇ ಇತ್ತು.

ಅಲ್ಲಿಯವರು ಕಾಯುವ ದಿನ ಯಾವುದು ಗೊತ್ತಾ? ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಜಿಂಕೆ ಬೇಟೆ ಶುರುವಾಗುವ ದಿನ. ನಾನಿದ್ದಾಗ ಅದು ಸೋಮವಾರ, 2019ರಿಂದ ಶನಿವಾರ ಮಾಡಿದ್ದಾರೆ. ಸೋಮವಾರ ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ರಜಾ. ಅಪ್ಪ, ಅಜ್ಜ, ಮೊಮ್ಮಗ ಒಟ್ಟಿಗೆ ಕಿತ್ತಳೆ ಜಾಕೆಟ್ ಹಾಕಿ ಕಾಡಿಗೆ ಹೋಗ್ತಾರೆ, ಅಜ್ಜನ ಬಂದೂಕು ಮೊಮ್ಮಗನಿಗೆ ಬರುತ್ತೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತುಹೋಯ್ತು, ನಿಲ್ಲಬೇಕಾದ್ದೇ. ಆದರೆ ಆಯುಧಪೂಜೆಯ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ದೀಪ ಹಚ್ಚುವ ಮನೆಯವರಿಗೆ ಆ ಜನ ಬೇಗ ಅರ್ಥವಾಗ್ತಾರೆ. ನೀವು ಆ ಹೊತ್ತಿಗೆ ಇರೋದಿಲ್ಲ, ಆದರೂ ಕೇಳಿ ನೋಡಿ, ಯಾರಾದರೂ ಗಂಟೆಗಟ್ಟಲೆ ಹೇಳ್ತಾರೆ.

ಒಂದು ಎಚ್ಚರ. ಅಲ್ಲಿಯ ಹುಲ್ಲಲ್ಲಿ ಜಿಗಣೆ ಇಲ್ಲ, ಉಣ್ಣಿ ಇದೆ. ಜಿಗಣೆಯ ಹಾಗೆ ಬರೀ ರಕ್ತ ಕುಡಿದು ಉದುರಿಹೋಗುವ ಪ್ರಾಣಿ ಅಲ್ಲ ಅದು, ಲೈಮ್ ಅನ್ನೋ ಕಾಯಿಲೆ ತರುತ್ತೆ. ಮೇ, ಜೂನ್‌ನಲ್ಲಿ ಕಾಡುಹಾದಿಯಲ್ಲಿ ನಡೆದರೆ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಮನೆಗೆ ಬಂದು ಮಂಡಿ ಹಿಂದೆ, ಕಂಕುಳು ನೋಡಿಕೊಳ್ಳಿ.

ಇನ್ನೊಂದು ಜಾಗ ಹೇಳಲೇಬೇಕು. ಜಾನ್ಸ್‌ಟೌನ್, ಪಿಟ್ಸ್‌ಬರ್ಗ್‌ನಿಂದ ಒಂದೂವರೆ ಗಂಟೆ. 1889ರ ಮೇ 31ರಂದು ಮೇಲಿನ ಕಣಿವೆಯ ಸೌತ್ ಫೋರ್ಕ್ ಅಣೆಕಟ್ಟು ಒಡೆದು 2,209 ಜನ ಸತ್ತ ಊರು. ಆ ಕೆರೆ ಶ್ರೀಮಂತರ ಒಂದು ಮೀನು, ಬೇಟೆ ಕ್ಲಬ್ಬಿನದ್ದಾಗಿತ್ತು, ಕಟ್ಟೆಯನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ಗುರುತು ಸಿಗದ 777 ಜನರಿಗೆ ಗುಡ್ಡದ ಮೇಲಿನ ಸ್ಮಶಾನದಲ್ಲಿ ಬಿಳಿ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ, ಒಂದರ ಮೇಲೂ ಹೆಸರಿಲ್ಲ. 2018ರ ಆಗಸ್ಟ್‌ನಲ್ಲಿ, ಕೊಡಗಿನ ಭೂಕುಸಿತದಲ್ಲಿ, ಮಕ್ಕಂದೂರು ಕಡೆ ನಮ್ಮ ದೊಡ್ಡಪ್ಪನ ತೋಟ ಅರ್ಧ ಕುಸಿದು ಇಳಿದುಹೋಯ್ತು. ಮೂರು ದಿನ ಅವರ ಫೋನ್ ಸಿಗಲಿಲ್ಲ. ನಾಲ್ಕನೇ ದಿನ ಪರಿಹಾರ ಕೇಂದ್ರದಿಂದ ಯಾರದೋ ಮೊಬೈಲಲ್ಲಿ ಮಾತಾಡಿದರು. ಆ ಭಾನುವಾರ ನಾನು ಜಾನ್ಸ್‌ಟೌನ್‌ಗೆ ಹೋದೆ, ಯಾಕೆ ಹೋದೆ ಅಂತ ಆಗ ನನಗೇ ಗೊತ್ತಿರಲಿಲ್ಲ. ಆ ಕಲ್ಲುಗಳ ಮುಂದೆ ತುಂಬ ಹೊತ್ತು ನಿಂತಿದ್ದೆ. ಮೇಷ್ಟ್ರೇ, ನೀವು ಆ ವರ್ಷ ನಾಪೋಕ್ಲಲ್ಲೇ ಇದ್ದಿರಬೇಕು. ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಮಗ ಹೇಗೂ ಕರೆದೊಯ್ಯುತ್ತಾನೆ. 1976ರದ್ದು, ಆ ದೇಶದ ಹಳೆಯ ದೇವಸ್ಥಾನಗಳಲ್ಲೊಂದು. ಪುಳಿಯೋಗರೆ ಚೆನ್ನಾಗಿರುತ್ತೆ.

ಈಗ ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯ. ಅಲ್ಲಿ ನಾವು ಕಂಡ ಮೊದಲ ಜನವರಿ 2019ರದ್ದು, 30ನೇ ತಾರೀಕು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಉಸಿರು ಎಳೆದರೆ ಮೂಗಿನೊಳಗೆ ಗರಿಗರಿ ಅನ್ನುತ್ತೆ. ನೀವು ಬೇಸಿಗೆಯಲ್ಲಿ ಹೋಗ್ತಿದ್ದೀರಿ, ಒಳ್ಳೆಯದಾಯ್ತು. ಅಷ್ಟು ಚಳಿ ತಿಂದ ಜನ ಬೇಸಿಗೆಯ ಒಂದು ಸಂಜೆಯನ್ನೂ ಮನೆಯೊಳಗೆ ಕಳೆಯೋದಿಲ್ಲ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ, ಮಿನಿಯಾಪೊಲಿಸ್ ನಗರದೊಳಗೇ ಸುತ್ತು ಹಾಕೋ ಕೆರೆಗಳಿವೆ. ಸಂಜೆ ಎಂಟೂವರೆಗೂ ಬೆಳಕಿರುತ್ತೆ. ಮೇ ನಡುವಿನಲ್ಲಿ ಮೀನು ಹಿಡಿಯುವ ಋತು ಶುರುವಾಗುವ ಶನಿವಾರ ಅವರ ಹಬ್ಬ. ನಮ್ಮ ಆಫೀಸಿನಲ್ಲಿ ಶುಕ್ರವಾರ ಮಧ್ಯಾಹ್ನವೇ ಅರ್ಧ ಜನ ಮಾಯ.

ನಿಮಗೆ ನಾನು ಕೈ ಮುಗಿದು ಹೇಳುವ ಜಾಗ ಇಟಾಸ್ಕ ಕೆರೆ. ಮಿನಿಯಾಪೊಲಿಸ್‌ನಿಂದ ಕಾರಲ್ಲಿ ನಾಲ್ಕು ಗಂಟೆ. ಮಿಸಿಸಿಪ್ಪಿ ನದಿ ಹುಟ್ಟುವುದು ಅಲ್ಲಿ. ಅಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರ ಒಬ್ಬ ಮುಖಂಡ ದಾರಿ ತೋರಿಸಿದ ಮೇಲೆ 1832ರಲ್ಲಿ ಬಿಳಿಯರು ಅದನ್ನು ಮೂಲ ಅಂತ ಬರೆದುಕೊಂಡರು. ಓಜಿಬ್ವೆ ಜನಕ್ಕೆ ಅದು ಮೊದಲೇ ಗೊತ್ತಿದ್ದ ಜಾಗ. 1891ರಲ್ಲೇ ಆ ಕಾಡನ್ನು ರಾಜ್ಯದ ಉದ್ಯಾನ ಮಾಡಿ ಉಳಿಸಿದ್ದಾರೆ. ಕೆರೆಯ ಬಾಯಲ್ಲಿ ಅಡ್ಡಕ್ಕೆ ಒಂದು ಸಾಲು ಕಲ್ಲು, ಆಚೆ ಕಡೆ ಮಂಡಿ ಮಟ್ಟದ ತಿಳಿನೀರು, ಹೆಚ್ಚೆಂದರೆ ಇಪ್ಪತ್ತಡಿ ಅಗಲ. ಪಕ್ಕದಲ್ಲಿ ನೆಟ್ಟ ಮರದ ಕಂಬದ ಮೇಲೆ ಹಳದಿ ಅಕ್ಷರ ಕೆತ್ತಿದೆ: ಸಮುದ್ರಮಟ್ಟಕ್ಕಿಂತ 1475 ಅಡಿ ಮೇಲೆ, ಇಲ್ಲಿಂದ 2552 ಮೈಲಿ ಹರಿದು ಮೆಕ್ಸಿಕೊ ಕೊಲ್ಲಿಗೆ ಅಂತ.

2019ರ ಜುಲೈಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಮಕ್ಕಳೆಲ್ಲ ಕೂಗಾಡ್ತಾ ನೀರೆರಚ್ತಿದ್ದರು. ಅಮ್ಮ ಸುಮ್ಮನೆ ಚಪ್ಪಲಿ ಬಿಟ್ಟರು, ಸೀರೆ ಸ್ವಲ್ಪ ಎತ್ತಿ ಕಟ್ಟಿದರು, ಇಳಿದು ಮೂರು ಸಲ ನೀರು ತಲೆಗೆ ಹಾಕಿಕೊಂಡರು. ಮೂರನೇ ಸಲ ಕಲ್ಲ ಮೇಲೆ ಕಾಲು ಜಾರಿತು, ನಾನು ಹಿಡಿದುಕೊಂಡೆ. ಒಬ್ಬ ಚಿಕ್ಕ ಹುಡುಗ, ಏಳೆಂಟು ವರ್ಷದವನು, ಎರೆಚೋದು ನಿಲ್ಲಿಸಿ ನೋಡ್ತಿದ್ದ. ಅಮ್ಮನ ಹಾಗೇ ಬೊಗಸೆಯಲ್ಲಿ ನೀರೆತ್ತಿ ತಾನೂ ತಲೆಗೆ ಹುಯ್ದುಕೊಂಡ. ಅಮ್ಮ ಅವನ ಕೆನ್ನೆ ಸವರಿದರು. ಅವನ ತಾಯಿ ದಡದಿಂದ ನಗ್ತಿದ್ದರು. ದಾರಿಯಲ್ಲಿ ಅಮ್ಮ ಅಂದಿದ್ದು ಇಷ್ಟೇ, "ಇಲ್ಲಿಯೂ ಸಣ್ಣದೇ ನೋಡು, ನಮ್ಮ ತಲಕಾವೇರಿಯ ಕುಂಡಿಕೆಯ ಹಾಗೆ."

ಸೆಪ್ಟೆಂಬರ್‌ವರೆಗೆ ಇದ್ದರೆ ಇನ್ನೊಂದು ಕೆಲಸ ಮಾಡಿ. ಉತ್ತರದ ಕೆರೆಗಳಲ್ಲಿ ತಾನೇ ಬೆಳೆಯುವ ಕಾಡಕ್ಕಿ ಇದೆ, ಓಜಿಬ್ವೆ ಜನ ಮನೂಮಿನ್ ಅಂತಾರೆ. ಆಗಸ್ಟ್ ಕೊನೆಯಿಂದ ದೋಣಿಯಲ್ಲಿ ಹೋಗಿ, ಒಬ್ಬರು ಗಳೆ ಹಾಕ್ತಾ, ಇನ್ನೊಬ್ಬರು ಎರಡು ಕೋಲಿನಿಂದ ತೆನೆ ಬಗ್ಗಿಸಿ ಮೆಲ್ಲಗೆ ಬಡಿದು ಕಾಳು ದೋಣಿಗೆ ಬೀಳಿಸ್ತಾರೆ. ಕೆಳಗೆ ಬಿದ್ದದ್ದು ಬರುವ ವರ್ಷದ ಬಿತ್ತನೆ. ಅಂಗಡಿಯಲ್ಲಿ ಗದ್ದೆಯಲ್ಲಿ ಬೆಳೆದದ್ದೂ ಸಿಗುತ್ತೆ, ಅದು ಕಪ್ಪಗೆ ಹೊಳೆಯುತ್ತೆ, ಬೇಯೋಕೆ ಬಹಳ ಹೊತ್ತು. ಕೈಯಲ್ಲಿ ಕೊಯ್ದು ಒಲೆ ಮೇಲೆ ಹುರಿದದ್ದು ಕಂದು, ಬೆಂದಾಗ ಕಾಳು ಒಡೆದು ಸುರುಳಿಯಾಗುತ್ತೆ, ಸ್ವಲ್ಪ ಹೊಗೆ ವಾಸನೆ. ಆ ವರ್ಷ ಹುತ್ತರಿಗೆ ನಮ್ಮ ಹತ್ತಿರ ಹೊಸ ಕದಿರು ಎಲ್ಲಿತ್ತು? ಆ ಅಕ್ಕಿಯಲ್ಲೇ ಪಾಯಸ ಮಾಡಿ, ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ "ಪೊಲಿ ಪೊಲಿ ದೇವಾ" ಅಂದೆವು. ಹೊಸ ಅಕ್ಕಿ ತಾನೇ.

ಸ್ಟೇಟ್ ಫೇರ್ ಸಿಕ್ಕೇ ಸಿಗುತ್ತೆ ನಿಮಗೆ, ಸೆಪ್ಟೆಂಬರ್ ಮೊದಲ ಸೋಮವಾರಕ್ಕೆ ಮುಗಿಯುತ್ತೆ, ಹನ್ನೆರಡು ದಿನ. ಅಲ್ಲಿ ಹೈನುಗಾರರ ಮನೆ ಹುಡುಗಿಯರ ತಲೆಯನ್ನು ತೊಂಬತ್ತು ಪೌಂಡ್ ಬೆಣ್ಣೆ ಗಟ್ಟಿಯಲ್ಲಿ ಕೆತ್ತುತ್ತಾರೆ, ತಿರುಗುವ ಗಾಜಿನ ಕೋಣೆಯಲ್ಲಿ, ಆ ಹುಡುಗಿ ಸ್ವೆಟರ್ ಹಾಕಿ ಎದುರು ಕೂತಿರುತ್ತಾಳೆ. ನಾನು ಒಂದು ಗಂಟೆ ನಿಂತು ನೋಡಿದೆ.

ಟೆಕ್ಸಾಸ್ ನಿಮ್ಮ ದಾರಿಯಲ್ಲಿಲ್ಲ, ಚಿಕ್ಕದಾಗಿ ಹೇಳ್ತೀನಿ. 2021ರ ಫೆಬ್ರವರಿಯಲ್ಲಿ ಅಲ್ಲಿ ದಶಕಗಳಿಂದ ಕಾಣದ ಚಳಿ ಬಂದು ಲಕ್ಷಾಂತರ ಮನೆಗೆ ಕರೆಂಟ್ ಹೋಯ್ತು, ನಮಗೆ ಮೂರು ದಿನ. ನಲ್ಲಿ ಪೈಪ್ ಒಡೆದು ಹಾಲ್ ತುಂಬ ನೀರು, ಅಪಾರ್ಟ್‌ಮೆಂಟಿನ ಕಚೇರಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕೆಳಗಿನ ಮನೆಯವರು, ಅಲ್ಲಿವರೆಗೆ ಹಲೋ ಅಂದದ್ದು ಬಿಟ್ಟರೆ ಮಾತಾಡದವರು, ಅಂಗಳದಲ್ಲಿ ಗ್ರಿಲ್ ಹಚ್ಚಿ ಇಡೀ ಸಾಲಿಗೆ ಬಿಸಿನೀರು ಕಾಸಿ ಕೊಟ್ಟರು. ಅಲ್ಲಿ ಜನ ಕಾಯೋದು ಮಾರ್ಚ್ ಕೊನೆಗೆ ಹೆದ್ದಾರಿ ಬದಿಯೆಲ್ಲ ನೀಲಿಯಾಗುವ ಬ್ಲೂಬಾನೆಟ್ ಹೂವಿಗೆ. ಬೀಜ ಬಲಿತು ಉದುರುವವರೆಗೆ ಹೆದ್ದಾರಿ ಇಲಾಖೆ ಹುಲ್ಲು ಕೊಯ್ಯೋದಿಲ್ಲ. ಆ ವರ್ಷವೂ ಬಂತು.

ಸುಂಟಿಕೊಪ್ಪ_ಕಣ:

ಅಕ್ಕ ಬರೆದದ್ದು ಓದಿ ನಾನೂ ಕೂತೆ. ವರ್ಮಾಂಟಿನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಕಾಯೋದು ಮಾರ್ಚ್‌ಗೆ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಆಗಲೇ ಮೇಪಲ್ ಮರದಲ್ಲಿ ರಸ ಇಳಿಯುತ್ತೆ. ನಮ್ಮ ಬೈನೆ ಮರದಿಂದ ಕಳ್ಳು ಇಳಿಸುವವರನ್ನು ನೋಡಿದ್ದ ನನಗೆ ಅದು ಹೊಸದಲ್ಲ ಅನ್ನಿಸಿತ್ತು, ಆದರೆ ರುಚಿ ನೋಡಿದರೆ ಬರೀ ನೀರು! ಸುಮಾರು ನಲವತ್ತು ಗ್ಯಾಲನ್ ಕಾಯಿಸಿದರೆ ಒಂದು ಗ್ಯಾಲನ್ ಪಾಕ. ಕಾಯಿಸುವ ಗುಡಿಸಲಿನ ಮಾಡಿನಿಂದ ಹಬೆ ಎದ್ದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು, ಅದು ಎಳೆಯಾದ ಮೇಲೆ ಹುಳಿ ಸೌತೆ ಉಪ್ಪಿನಕಾಯಿ ಜೊತೆ ಕೊಡ್ತಾರೆ. ಮಾರ್ಚ್ ಮೊದಲ ಮಂಗಳವಾರ ಊರ ಸಭೆ, ರಸ್ತೆಗೆ ಎಷ್ಟು ದುಡ್ಡು ಅಂತ ಜನ ಕೈಯೆತ್ತಿ ತೀರ್ಮಾನ ಮಾಡ್ತಾರೆ. ಮೇಷ್ಟ್ರಿಗೆ ಅದು ಇಷ್ಟವಾಗ್ತಿತ್ತು. 1968ರಿಂದ ರಸ್ತೆ ಬದಿ ಜಾಹೀರಾತು ಫಲಕ ನಿಷೇಧ. ಮಡಿಕೇರಿ ರಸ್ತೆಯಲ್ಲಿ ಹೋಂಸ್ಟೇ ಬೋರ್ಡ್‌ಗಳನ್ನು ನೋಡಿದಾಗಲೆಲ್ಲ ಆ ಕಾಯ್ದೆ ನೆನಪಾಗುತ್ತೆ.

ಒಂದು ತಕರಾರು ಮಾತ್ರ ಇದೆ ಅಕ್ಕ. ನಯಾಗರ ಬೇಡ ಅನ್ನೋ ಹಾಗೆ ಆಗಬಾರದು. ಪಿಟ್ಸ್‌ಬರ್ಗ್‌ನಿಂದ ನಾಲ್ಕು ಗಂಟೆಯೊಳಗೆ ಹೋಗಬಹುದು. ಅಮೆರಿಕದ ಕಡೆಯ ಉದ್ಯಾನಕ್ಕೆ ಪ್ರವೇಶ ಶುಲ್ಕವೂ ಇಲ್ಲ. ಮಳೆಗಾಲದ ನಮ್ಮ ಜಲಪಾತಗಳ ಶಬ್ದ ಕೇಳಿ ಬೆಳೆದವರು ಅದನ್ನು ಕೇಳಲೇಬೇಕು.

ಕಾಫಿ_ಬೋರ್ಡ್_ರಸ್ತೆ:

ನಾನು ಹವಾಯಿಯ ದೊಡ್ಡ ದ್ವೀಪದಲ್ಲಿ, ಕೋನ ಕಡೆ ಎರಡು ವರ್ಷ ಇದ್ದೆ. ಅಲ್ಲಿಯೂ ಕಾಫಿ ಹೂವಿಗೇ ಕಾಯೋದು, "ಕೋನ ಹಿಮ" ಅಂತಾರೆ. 1828ರಿಂದ ಕಾಫಿ ಇದೆ. ನಮ್ಮ ಹಾಗೆ ಸಿಲ್ವರ್ ಓಕ್, ಹಾಲುವಾಣ ಮರಗಳ ನೆರಳು ಅಲ್ಲಿ ಕಡಿಮೆ, ಕಪ್ಪು ಲಾವಾ ಕಲ್ಲಿನ ಸಂದಿಯಲ್ಲಿ ಗಿಡ. ಮಧ್ಯಾಹ್ನ ಮೋಡ ಬಂದು ಅದೇ ನೆರಳಾಗುತ್ತೆ. ಹೆಚ್ಚಿನವು ಐದು ಎಕರೆಗಿಂತ ಸಣ್ಣ ತೋಟ. 2010ರಲ್ಲಿ ಕಾಯಿಕೊರಕ, 2020ರಲ್ಲಿ ಎಲೆ ತುಕ್ಕು ಅಲ್ಲಿಗೂ ಬಂತು. ನಮ್ಮಪ್ಪ ತೊಂಬತ್ತರ ದಶಕದಲ್ಲಿ ಬೋರರ್ ಕಾಯಿ ಆರಿಸಿ ಬಿಸಿನೀರಿಗೆ ಹಾಕ್ತಿದ್ದದ್ದನ್ನು ಅಲ್ಲಿ ಒಬ್ಬ ಬೆಳೆಗಾರರಿಗೆ ಹೇಳಿದೆ, ಅವರು ಪುಸ್ತಕ ತಂದು ಬರೆದುಕೊಂಡರು.

ನಾಪೋಕ್ಲು_ಮೇಷ್ಟ್ರು:

ಅಮ್ಮಾ, ನಿಮ್ಮ ಬರಹವನ್ನು ಮನೆಯವಳಿಗೆ ಜೋರಾಗಿ ಓದಿ ಹೇಳಿದೆ. ಇಟಾಸ್ಕದ ಜಾಗ ಬಂದಾಗ ಇನ್ನೊಮ್ಮೆ ಓದಿಸಿದಳು. 2018ರಲ್ಲಿ ನಮ್ಮ ಶಾಲೆಯೇ ಪರಿಹಾರ ಕೇಂದ್ರ ಆಗಿತ್ತು, ನಾನು ಹದಿನಾರು ದಿನ ಅಲ್ಲೇ ಮಲಗಿದ್ದೆ. ಜಾನ್ಸ್‌ಟೌನ್‌ಗೆ ಮಗನಿಗೆ ಹೇಳಿ ಹೋಗೇ ಹೋಗುತ್ತೇನೆ.

ಎರಡು ವಿಷಯ. ಮೊದಲು ಯಾವ ಊರಿಗೆ ಹೋಗುವುದು? ಮತ್ತೆ, ಮನೆಯವಳು ಪಂದಿ ಉಪ್ಪಿನಕಾಯಿ, ಕಾಫಿಪುಡಿ, ಒಂದು ಸಣ್ಣ ಸೀಸೆ ತೀರ್ಥ ತೆಗೆದುಕೊಳ್ಳಬೇಕು ಅಂತಾಳೆ. ಆಗುತ್ತಾ?

ಭಾಗಮಂಡಲದ_ಮಗಳು:

ಮೇಷ್ಟ್ರೇ, ಮೊದಲು ಪಿಟ್ಸ್‌ಬರ್ಗ್. ಏಪ್ರಿಲ್‌ನಲ್ಲಿ ಮಿನ್ನೆಸೋಟದ ಕೆರೆಗಳಲ್ಲಿ ಇನ್ನೂ ಐಸ್ ಇರಬಹುದು. ಜೂನ್ ಕೊನೆವರೆಗೆ ಮಗನ ಹತ್ತಿರ, ಜುಲೈಯಿಂದ ಮಗಳ ಹತ್ತಿರ. ಸ್ಟೇಟ್ ಫೇರ್, ಕಾಡಕ್ಕಿ ಎರಡೂ ನೋಡಿ ಸೆಪ್ಟೆಂಬರ್ ಕೊನೆಗೆ ಹೊರಟರೆ ತೀರ್ಥೋದ್ಭವಕ್ಕೆ ಎರಡು ವಾರ ಇರುತ್ತೆ.

ಪಂದಿ ಉಪ್ಪಿನಕಾಯಿ ಖಂಡಿತ ಬೇಡ, ಮಾಂಸದ್ದು ಏನನ್ನೂ ಒಳಗೆ ಬಿಡೋದಿಲ್ಲ. ಹುರಿದ ಕಾಫಿಪುಡಿ ಧಾರಾಳವಾಗಿ ತೆಗೆದುಕೊಂಡು ಹೋಗಿ, ತಿನ್ನುವ ಸಾಮಾನು ಇದೆ ಅಂತ ವಿಮಾನ ನಿಲ್ದಾಣದಲ್ಲಿ ಕೇಳಿದಾಗ ಹೇಳಿಬಿಡಿ. ತೀರ್ಥದ ಸೀಸೆ ಮುಚ್ಚಳಕ್ಕೆ ಟೇಪ್ ಸುತ್ತಿ, ದೊಡ್ಡ ಬ್ಯಾಗಿನಲ್ಲಿ ಬಟ್ಟೆ ನಡುವೆ ಇಡಿ, ಕೈಚೀಲದಲ್ಲಿ ಬೇಡ.

ಇಟಾಸ್ಕದಲ್ಲಿ ನಿಮ್ಮ ಮನೆಯವರಿಗೆ ಹೇಳಿ, ಕಲ್ಲಿನ ಸಾಲಿನ ಮೇಲೆ ದಾಟೋದು ಬೇಡ, ನಡುವಿನ ಕಲ್ಲುಗಳಿಗೆ ಪಾಚಿ ಹಿಡಿದಿರುತ್ತೆ. ಪಕ್ಕದಲ್ಲಿ ನೀರಿಗಿಳಿದು ನಿಮ್ಮ ಕೈ ಹಿಡಿದು ದಾಟಲಿ. ಅಡಿಯಲ್ಲಿ ಮರಳು, ಕಾಲು ಗಟ್ಟಿಯಾಗಿ ನಿಲ್ಲುತ್ತೆ.